ಅಕ್ರಮ ದಸ್ತಗಿರಿ: ಖುಲಾಸೆಗೆ ಕಾದು ಕೂತರೆ ದಾವೆ ಕೈತಪ್ಪುತ್ತದೆ

ಪೊಲೀಸರು ಕಾರಣವಿಲ್ಲದೆ ಹಿಡಿದು ಕೂಡಿಹಾಕಿದರೆಂದು ಪರಿಹಾರ ಕೇಳಲು ಬರುವವರು ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ‘ಮೊದಲು ಕೇಸು ಖುಲಾಸೆಯಾಗಲಿ, ಆಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಸುಮ್ಮನಿದ್ದಿರುತ್ತಾರೆ. ಅಷ್ಟರಲ್ಲಿ ಮುಖ್ಯ ದಾವೆಯ, ಅಂದರೆ ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ದಾವೆಯ, ಅವಧಿಯೇ ಮುಗಿದುಹೋಗಿರುತ್ತದೆ.

1963ರ ಕಾಲಮಿತಿ ಕಾಯ್ದೆಯ ಅನುಸೂಚಿಯಲ್ಲಿ ಇದಕ್ಕೆ ಎರಡು ನಮೂದುಗಳಿವೆ, ಎರಡಕ್ಕೂ ಸಿಗುವುದು ಒಂದೇ ವರ್ಷ. 73ನೆಯದು ಅಕ್ರಮ ಬಂಧನಕ್ಕೆ. ಎಣಿಕೆ ಬಂಧನ ಮುಗಿದ ದಿನದಿಂದ. 74ನೆಯದು ದುರುದ್ದೇಶದ ಮೊಕದ್ದಮೆಗೆ; ಎಣಿಕೆ ಖುಲಾಸೆಯಾದ ಅಥವಾ ಮೊಕದ್ದಮೆ ಬೇರೆ ರೀತಿ ಕೊನೆಗೊಂಡ ದಿನದಿಂದ. ಖುಲಾಸೆಗೆ ಕಾದವರಿಗೆ ಉಳಿಯುವುದು ಎರಡನೆಯದು ಮಾತ್ರ, ಅದೋ ಕಷ್ಟದ ದಾರಿ. ದುರುದ್ದೇಶ ಇತ್ತು, ಸಕಾರಣ ಇರಲಿಲ್ಲ ಎಂಬುದನ್ನು ವಾದಿಯೇ ರುಜುವಾತು ಮಾಡಬೇಕು. ಅಕ್ರಮ ಬಂಧನದ ದಾವೆಯಲ್ಲಿ ಹಾಗಲ್ಲ. ಕೂಡಿಹಾಕಿದ್ದು ಸಾಬೀತಾದರೆ ಅದು ಕಾನೂನುಬದ್ಧವೆಂದು ತೋರಿಸುವ ಹೊಣೆ ಹಿಡಿದವರ ಮೇಲೆ.

ಬಂಧನ ಮುಗಿದದ್ದು ಜಾಮೀನು ಸಿಕ್ಕ ದಿನ ಎಂದುಕೊಳ್ಳುವವರೇ ಹೆಚ್ಚು. ಆದರೆ ‘ರಿಮಾಂಡ್ ಆದೇಶವಾದ (ಆರೋಪಿಯನ್ನು ವಶದಲ್ಲಿಡಲು ಮ್ಯಾಜಿಸ್ಟ್ರೇಟರು ಆದೇಶಿಸಿದ) ಮೇಲಿನದ್ದು ನ್ಯಾಯಾಲಯದ ಆದೇಶದ ಬಂಧನ, ಪೊಲೀಸರದ್ದಲ್ಲ’ ಎಂದು ಸರ್ಕಾರಿ ವಕೀಲರು ವಾದಿಸಿಯೇ ವಾದಿಸುತ್ತಾರೆ. ಆದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದಲೇ ವರ್ಷ ಎಣಿಸುವುದು ಕ್ಷೇಮ.

ಇನ್ನು ಪುರಾವೆ. ಮೊದಲು ದಸ್ತಗಿರಿ ಮೆಮೊ, ಅಂದರೆ ಹಿಡಿದಾಗ ಪೊಲೀಸರು ಬರೆಯುವ ದಾಖಲೆ, ಕೈಗೆತ್ತಿಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನ ಪ್ರಕಾರ ಅದಕ್ಕೆ ಮನೆಯವರೋ ಸ್ಥಳೀಯ ಗೌರವಾನ್ವಿತರೋ ಒಬ್ಬರು ಸಾಕ್ಷಿ ಸಹಿ ಹಾಕಿರಬೇಕು, ದಸ್ತಗಿರಿಯಾದವರ ಸಹಿಯೂ ಇರಬೇಕು. ಅದರಲ್ಲಿರುವ ಸಮಯವನ್ನು ವೈದ್ಯಕೀಯ ತಪಾಸಣೆಯ ವರದಿಯ ಜೊತೆ ಇಟ್ಟು ನೋಡಿ. ಮೆಮೊದಲ್ಲಿ ಸಂಜೆ 6 ಗಂಟೆ, ಆಸ್ಪತ್ರೆಯ ಕಾಗದದಲ್ಲಿ ‘ಪೊಲೀಸರು ಕರೆತಂದರು, ಮಧ್ಯಾಹ್ನ 3’ ಎಂದಿದ್ದರೆ, ಆ ಮೂರು ಗಂಟೆಯ ಲೆಕ್ಕವನ್ನು ಠಾಣಾಧಿಕಾರಿಯೇ ಕೊಡಬೇಕಾಗುತ್ತದೆ. 24 ಗಂಟೆಯೊಳಗೆ ಹಾಜರುಪಡಿಸಬೇಕೆಂಬ ಸಂವಿಧಾನದ 22(2)ನೇ ವಿಧಿ ಮುರಿದದ್ದು ಹಲವು ಬಾರಿ ಬಯಲಾಗುವುದು ಇಂಥ ಜಾಗದಲ್ಲೇ. ಪ್ರಯಾಣದ ಸಮಯವನ್ನು ಆ 24 ಗಂಟೆಗೆ ಸೇರಿಸಬಾರದು, ಅದನ್ನು ಕಳೆದೇ ಲೆಕ್ಕ ಹಾಕಿ.

ದಸ್ತಗಿರಿಯ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟಿದ್ದರೇ ಎಂಬುದನ್ನೂ ನೋಡಿ. ಯಾವ ಅಪರಾಧವಾದರೂ ಕಾರಣವನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾಗಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ಹಾಜರಾಗಲು ಹೇಳುವ ನೋಟಿಸ್ ಕೊಡದೆ ನೇರ ಹಿಡಿದದ್ದಕ್ಕೆ ಕಾರಣ ದಾಖಲಿಸಿದ್ದಾರೆಯೇ ಎಂಬುದೂ ಮುಖ್ಯ.

ಸಿಸಿಟಿವಿ ದೃಶ್ಯಕ್ಕೆ ಮೊದಲ ವಾರದಲ್ಲೇ ಲಿಖಿತ ಅರ್ಜಿ ಕೊಡಿ. ಠಾಣೆಗಳ ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕೆಂಬ ಆದೇಶ 2020ರಿಂದಲೇ ಇದೆ. ಕೇಳದೆ ಬಿಟ್ಟವರಿಗೆ ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರವಷ್ಟೇ ಸಿಗುತ್ತದೆ. ದಿನಾಂಕ, ಸಮಯ, ಯಾವ ಕೋಣೆ ಎಂದು ಬರೆದು ಸ್ವೀಕೃತಿ ಪಡೆಯಿರಿ.

ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಎರಡು ತಿಂಗಳ ನೋಟಿಸ್ ಕಡ್ಡಾಯ. ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ, ಜೊತೆಗೆ ಹಿಡಿದ ಪೊಲೀಸ್ ಅಧಿಕಾರಿಗೆ ಹೆಸರು ಹಿಡಿದು ಪ್ರತ್ಯೇಕವಾಗಿ ತಲುಪಿಸಿ. ಹೆಸರು, ವಿಳಾಸ, ವ್ಯಾಜ್ಯ ಕಾರಣ, ಕೇಳುವ ಪರಿಹಾರ ಇಷ್ಟೂ ಅದರಲ್ಲಿರಬೇಕು. ನೋಟಿಸ್ ಕೊಟ್ಟಿದ್ದೇವೆ ಎಂಬ ಮಾತು ವಾದಪತ್ರದಲ್ಲೂ ಬರಬೇಕು. ಪ್ರತಿವಾದಿಯ ಜಾಗದಲ್ಲಿ ‘ಪೊಲೀಸ್ ಠಾಣೆ’ ಎಂದು ಬರೆದು ಎಡವುವವರಿದ್ದಾರೆ. ಅಲ್ಲಿರಬೇಕಾದದ್ದು ‘ಕರ್ನಾಟಕ ರಾಜ್ಯ’. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯವಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ದಾವೆಗೆ ಸರ್ಕಾರದ ಪೂರ್ವಾನುಮತಿ ಕೇಳುತ್ತದೆ. ನೋಟಿಸ್ ಕಳಿಸಿದ ದಿನವೇ ಅನುಮತಿಯ ಅರ್ಜಿಯನ್ನೂ ಹಾಕಿಬಿಡಿ. ನೋಟಿಸಿನ ಅವಧಿಯನ್ನು ಕಾಲಮಿತಿಯಿಂದ ಕಳೆಯಲು ಅವಕಾಶವಿದೆ, ಅದನ್ನೇ ನಂಬಿ ಕೊನೆಯ ವಾರಕ್ಕೆ ತಳ್ಳಬೇಡಿ.

ದಾಖಲೆಯಿಂದಲೇ ತಪ್ಪು ಎದ್ದು ಕಾಣುವಾಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಹಕ್ಕು ಜಾರಿಗೆ ನೇರವಾಗಿ ಹಾಕುವ ಅರ್ಜಿ) ಹಾಕುವುದೇ ಒಳ್ಳೆಯದು. ಖುಲಾಸೆಯ ನಂತರವೂ 14 ವರ್ಷ ಜೈಲಿನಲ್ಲಿ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿದ್ದು ರಿಟ್ ಅಧಿಕಾರದಲ್ಲೇ. ಸಾರ್ವಭೌಮ ವಿನಾಯಿತಿ (ಆಡಳಿತಾಧಿಕಾರದ ಕೆಲಸಕ್ಕೆ ರಾಜ್ಯ ಪರಿಹಾರ ಕೊಡಬೇಕಿಲ್ಲ ಎಂಬ ವಾದ) ಎಂಬ ಸರ್ಕಾರದ ಗುರಾಣಿ ಮೂಲಭೂತ ಹಕ್ಕಿನ ಮುಂದೆ ನಡೆಯದೆಂದು 1993ರ ನೀಲಾಬತಿ ಬೆಹೆರಾ ತೀರ್ಪು ಸ್ಪಷ್ಟಪಡಿಸಿತು. ಸೋಮವಾರ ಹಿಡಿದರೋ ಬುಧವಾರ ಹಿಡಿದರೋ ಎಂಬಂಥ ವಿವಾದವಿದ್ದರೆ ಹೈಕೋರ್ಟ್ ಸಿವಿಲ್ ನ್ಯಾಯಾಲಯಕ್ಕೇ ಹೋಗಿ ಎನ್ನುವ ಸಂಭವ ಹೆಚ್ಚು, ಏಕೆಂದರೆ ಅಂಥ ವಿವಾದಕ್ಕೆ ಸಾಕ್ಷಿಗಳ ಪಾಟೀಸವಾಲು ಬೇಕು. ರಿಟ್‌ನಲ್ಲಿ ಕೊಟ್ಟ ಪರಿಹಾರ ಸಿವಿಲ್ ದಾವೆಯನ್ನು ತಡೆಯುವುದಿಲ್ಲ. ಮುಂದೆ ಸಿಗುವ ಮೊತ್ತದಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.

ಮೊತ್ತ ಬರೆಯುವಾಗ ಹೋದ ಸಂಬಳ, ಜಾಮೀನಿನ ಖರ್ಚು, ವಕೀಲರ ಶುಲ್ಕ, ಚಿಕಿತ್ಸೆಯನ್ನು ರಸೀದಿ ಸಮೇತ ಒಂದು ಕಡೆ ತೋರಿಸಿ; ಸ್ವಾತಂತ್ರ್ಯ, ಮಾನ, ಮನೋವೇದನೆಗೆ ಕೇಳುವುದನ್ನು ಬೇರೆಯಾಗಿ ಬರೆಯಿರಿ. ಕೇಳಿದ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಏರುತ್ತದೆ, ಹಾಗಾಗಿ ಬಾಯಿಗೆ ಬಂದ ಕೋಟಿ ಬರೆಯಬೇಡಿ. ಶುಲ್ಕ ಕಟ್ಟುವ ಶಕ್ತಿಯಿಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕ ವಾದಿಯಾಗಿ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.