ಓದುಗರ ಪ್ರಶ್ನೆ: ಸೆಕ್ಸ್ಟಂಟ್ ರೀಡಿಂಗ್‌ನಿಂದ ‘ಡಿಪ್’ ಕಳೆಯುವುದೇಕೆ?

ಪ್ರಶ್ನೆ: ಮರ್ಚೆಂಟ್ ನೇವಿ ಪರೀಕ್ಷೆಗೆ ಓದುತ್ತಿದ್ದೇನೆ. ಸೂರ್ಯನದಾಗಲಿ ನಕ್ಷತ್ರದ್ದಾಗಲಿ, ಸೆಕ್ಸ್ಟಂಟ್‌ನಲ್ಲಿ ಅಳೆದ ಎತ್ತರದಿಂದ ‘ಡಿಪ್’ ಕಳೆಯಬೇಕು ಎನ್ನುತ್ತಾರೆ. ಕೋಷ್ಟಕ ನೋಡಿ ಕಳೆಯುವುದು ಗೊತ್ತು. ಆದರೆ ಅದು ನಿಜಕ್ಕೂ ಏನು? ಒಮ್ಮೆಯೂ ಕೂಡಿಸುವುದಿಲ್ಲವಲ್ಲ, ಏಕೆ?

ಉತ್ತರ: ಸೂರ್ಯ, ನಕ್ಷತ್ರಗಳು ಕಡಲಿನ ಅಂಚಿನಿಂದ ಎಷ್ಟು ಮೇಲಿವೆ ಎಂಬ ಕೋನವನ್ನು ಅಳೆಯುವ ಉಪಕರಣ ಸೆಕ್ಸ್ಟಂಟ್; ಆ ಕೋನವನ್ನೇ ‘ಎತ್ತರ’ ಎನ್ನುತ್ತಾರೆ. ಕಡಲಿನ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಹೇಳುವ ಕೋನವೇ ಡಿಪ್. ಕನ್ನಡದಲ್ಲಿ ‘ಕ್ಷಿತಿಜದ ಇಳಿಕೆ’ ಎನ್ನಬಹುದು. ಭೌತಶಾಸ್ತ್ರದ ಪಾಠದಲ್ಲಿ ಅಯಸ್ಕಾಂತದ ಸೂಜಿ ಕೆಳಕ್ಕೆ ವಾಲುವುದಕ್ಕೂ ಡಿಪ್ ಎಂದೇ ಹೆಸರಿದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಾರೆ ಕೆಲಸದವರ ಬಳಿ ಇರುವ ರಸಮಟ್ಟ ನೋಡಿದ್ದೀರಲ್ಲ? ಅದನ್ನು ಹಡಗಿನ ಮೇಲಟ್ಟದಲ್ಲಿಟ್ಟು, ಗುಳ್ಳೆ ನಡುವೆ ನಿಂತಾಗ ಅದರ ಅಂಚಿನ ನೇರಕ್ಕೆ ಕಡಲ ಕಡೆ ಕಣ್ಣು ಹಾಯಿಸಿದ್ದೀರಿ ಎಂದುಕೊಳ್ಳಿ. ಆ ನೇರ ಗೆರೆ ನೀರಿನ ಅಂಚನ್ನು ಮುಟ್ಟುವುದಿಲ್ಲ, ಅದಕ್ಕಿಂತ ತುಸು ಮೇಲೆ, ಆಕಾಶಕ್ಕೆ ಹೋಗಿಬಿಡುತ್ತದೆ. ಭೂಮಿ ದುಂಡಗಿರುವುದರಿಂದ ನೀರು ನಿಮ್ಮಿಂದ ದೂರ ಹೋದಷ್ಟೂ ಕೆಳಕ್ಕೆ ಬಾಗಿದೆ. ನೀವು ಎತ್ತರಕ್ಕೆ ಹತ್ತಿದಷ್ಟೂ ಆ ಬಾಗನ್ನು ಹೆಚ್ಚು ದೂರದವರೆಗೆ ಕಾಣುತ್ತೀರಿ, ಅಂಚು ಇನ್ನಷ್ಟು ಕೆಳಗಿಳಿಯುತ್ತದೆ.

ಈಗ ಸೆಕ್ಸ್ಟಂಟ್ ಹಿಡಿಯಿರಿ. ತೋಳನ್ನು ಸರಿಸುತ್ತ ಕನ್ನಡಿಯಲ್ಲಿ ಸೂರ್ಯನನ್ನು ಕೆಳಗಿಳಿಸಿ, ಉಪಕರಣವನ್ನು ಅತ್ತಿತ್ತ ಮೆಲ್ಲಗೆ ವಾಲಿಸಿದರೆ ಬಿಂಬ ತೊಟ್ಟಿಲಿನಂತೆ ತೂಗುತ್ತದೆ. ತೂಗಾಟದ ತಳದಲ್ಲಿ ಅದರ ಕೆಳ ಅಂಚು ನೀರಿನ ಗೆರೆಗೆ ಸೋಕಿದ ಕ್ಷಣದ ರೀಡಿಂಗ್ ಅನ್ನು ಬರೆದುಕೊಳ್ಳುತ್ತೀರಿ. ಅಂದರೆ ಎತ್ತರವನ್ನು ಅಳೆಯಲು ಶುರುಮಾಡಿದ್ದು ಕೆಳಗಿಳಿದ ಗೆರೆಯಿಂದ. ಏಣಿಯನ್ನು ಗುಂಡಿಯೊಳಗಿಂದ ಅಳೆದ ಹಾಗೆ ಉತ್ತರ ಯಾವಾಗಲೂ ಹೆಚ್ಚೇ ಬರುತ್ತದೆ. ಕಣ್ಣು ನೀರಿಗಿಂತ ಮೇಲಿರುವಷ್ಟು ಕಾಲ ಅಂಚು ಕೆಳಗೇ ಇರುತ್ತದೆ. ಕೂಡಿಸುವ ಪ್ರಸಂಗ ಬಾರದಿರುವುದು ಅದಕ್ಕೇ.

ಎಷ್ಟು ಕಳೆಯಬೇಕು? ನೀರಿನಿಂದ ಕಣ್ಣಿನವರೆಗಿನ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.76ರಿಂದ ಗುಣಿಸಿ. ಉತ್ತರ ಡಿಗ್ರಿಯ 60ನೇ ಒಂದು ಭಾಗವಾದ ಮಿನಿಟ್‌ಗಳಲ್ಲಿ ಸಿಗುತ್ತದೆ. (ಗೊಂದಲವಾಗದಿರಲೆಂದು ಇಲ್ಲಿ ಕೋನಕ್ಕೆ ಮಿನಿಟ್, ಕಾಲಕ್ಕೆ ನಿಮಿಷ ಎಂದು ಬರೆಯುತ್ತಿದ್ದೇನೆ.) ಬರೀ ರೇಖಾಗಣಿತದ ಲೆಕ್ಕ ಹಿಡಿದರೆ ಗುಣಕ 1.93 ಆಗಬೇಕಿತ್ತು. ಗಾಳಿ ಬೆಳಕನ್ನು ಬಗ್ಗಿಸಿ ದೂರದ ನೀರನ್ನು ಸ್ವಲ್ಪ ಎತ್ತಿ ತೋರಿಸುವುದರಿಂದ ಅದು 1.76ಕ್ಕೆ ಇಳಿದಿದೆ. ಮಾಮೂಲಿ ಗಾಳಿಗೆ ಇದು ಸರಿ. ನೀರು ತಣ್ಣಗಿದ್ದು ಮೇಲಿನ ಗಾಳಿ ಬಿಸಿಯಾಗಿರುವ ದಿನ ಬೆಳಕು ಇನ್ನೂ ಹೆಚ್ಚು ಬಗ್ಗುತ್ತದೆ, ಕೋಷ್ಟಕವನ್ನು ಅಷ್ಟು ನಂಬುವ ಹಾಗಿಲ್ಲ.

ನಿಮ್ಮ ಕಣ್ಣು ನೀರಿನಿಂದ 16 ಮೀಟರ್ ಮೇಲಿದ್ದರೆ ಡಿಪ್ ಸುಮಾರು 7 ಮಿನಿಟ್. ಸೆಕ್ಸ್ಟಂಟ್ 52 ಡಿಗ್ರಿ 10 ಮಿನಿಟ್ ತೋರಿಸಿದರೆ 52 ಡಿಗ್ರಿ 3 ಮಿನಿಟ್ ಎಂದು ಹಿಡಿದು ಮುಂದಿನ ತಿದ್ದುಪಡಿಗಳಿಗೆ ಹೋಗುತ್ತೀರಿ. ಎತ್ತರದಲ್ಲಿ ಒಂದು ಮಿನಿಟ್ ತಪ್ಪಿದರೆ ನಕಾಶೆಯ ಮೇಲೆ ನಿಮ್ಮ ಹಡಗಿನ ಜಾಗ ಸೂಚಿಸುವ ಗೆರೆ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್ ಸರಿಯುತ್ತದೆ. ಡಿಪ್ ಮರೆತರೆ ಸುಮಾರು 13 ಕಿಲೋಮೀಟರ್ ತಪ್ಪು. ಬಂಡೆಗಳಿರುವ ಕರಾವಳಿಯ ಹತ್ತಿರ ರಾತ್ರಿ ಸಾಗುವ ಹಡಗಿಗೆ ಇದು ಪ್ರಾಣದ ಪ್ರಶ್ನೆ.

ಪರೀಕ್ಷೆಯಲ್ಲಿ ಕಣ್ಣಿನ ಎತ್ತರವನ್ನು ಅವರೇ ಕೊಟ್ಟಿರುತ್ತಾರೆ, ಕಡಲಿನಲ್ಲಿ ನೀವೇ ತಿಳಿದಿರಬೇಕು. ಸರಕು ತುಂಬಿದ ಹಡಗು ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಖಾಲಿಯಾದಾಗ ಮೇಲೇಳುತ್ತದೆ. ದೊಡ್ಡ ಹಡಗಿನಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ: ಕಣ್ಣು 16ರಿಂದ 20 ಮೀಟರ್‌ಗೆ ಏರಿದರೂ ಡಿಪ್ 7ರಿಂದ 7.9ಕ್ಕೆ ಮಾತ್ರ ಹೋಗುತ್ತದೆ. ಸಣ್ಣ ದೋಣಿಯಲ್ಲಿ ಹಾಗಲ್ಲ. ಅಲೆಯ ಮೇಲೇರಿ ಕಣ್ಣು 2 ಮೀಟರ್‌ನಿಂದ 4ಕ್ಕೆ ಹೋದರೆ ಸಾಕು, ಒಂದು ಮಿನಿಟ್ ವ್ಯತ್ಯಾಸ. ಇನ್ನೊಂದು ಎಚ್ಚರಿಕೆ: ಕಾರವಾರದ ಎದುರಿನ ಕೂರ್ಮಗಡದಂಥ ದ್ವೀಪ ಹತ್ತಿರದಲ್ಲಿ ಅಡ್ಡ ಬಂದರೆ, ನೀವು ನೋಡುವ ನೀರಿನ ಗೆರೆ ನಿಜವಾದ ಕ್ಷಿತಿಜಕ್ಕಿಂತ ಈಚೆಗಿರುತ್ತದೆ, ಇಳಿಕೆಯೂ ಹೆಚ್ಚು. ಅದಕ್ಕೆ ಬೇರೆ ಕೋಷ್ಟಕವಿದೆ. ವಿಮಾನದಲ್ಲಿ ಬಳಸುತ್ತಿದ್ದ ಸೆಕ್ಸ್ಟಂಟ್‌ಗಳಲ್ಲಿ ಕಡಲಂಚಿನ ಬದಲು ರಸಮಟ್ಟದಂಥ ಗುಳ್ಳೆಯೇ ಇರುತ್ತಿತ್ತು. ಹಾಗಾಗಿ ಅಲ್ಲಿ ಡಿಪ್ ಕಳೆಯುವ ಮಾತೇ ಇರಲಿಲ್ಲ.

ಈ ಇಳಿಕೆಯನ್ನು ತಿದ್ದಬೇಕಾದ ತಪ್ಪಾಗಿ ನೋಡದೆ ಸಾಧನವಾಗಿ ಕಂಡವನು ಮಧ್ಯ ಏಷ್ಯಾದ ವಿದ್ವಾಂಸ ಅಲ್-ಬಿರೂನಿ. 11ನೇ ಶತಮಾನದ ಮೊದಲ ಭಾಗದಲ್ಲಿ, ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಕೋಟೆಯ ಬಳಿ ಒಂದು ಬೆಟ್ಟದ ಎತ್ತರ ಅಳೆದು, ತುದಿಯಿಂದ ಎದುರಿನ ಬಯಲಿನ ಅಂಚು ಎಷ್ಟು ಇಳಿದಿದೆ ಎಂದು ನೋಡಿದ. 34 ಮಿನಿಟ್ ಬಂತು. ಆ ಎರಡು ಅಳತೆಗಳಿಂದಲೇ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ. ನೀವು ಕೋಷ್ಟಕದಲ್ಲಿ ಬೆರಳಿಟ್ಟು ಕಳೆಯುವ ಅಂಕಿಯೊಳಗೆ ಇಡೀ ಭೂಮಿಯ ಗಾತ್ರ ಅಡಗಿದೆ ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ನಮ್ಮ ಆಗುಂಬೆಯಲ್ಲೂ ಅದೇ ಲೆಕ್ಕ. ಸುಮಾರು 640 ಮೀಟರ್ ಎತ್ತರಕ್ಕೆ ಡಿಪ್ 44 ಮಿನಿಟ್ ದಾಟುತ್ತದೆ. ಸೂರ್ಯಬಿಂಬದ ಅಗಲ 32 ಮಿನಿಟ್. ಶುಭ್ರ ಸಂಜೆ ಅಲ್ಲಿಂದ ಅರಬ್ಬಿ ಸಮುದ್ರದ ಅಂಚು ಕಂಡರೆ, ಅದು ಕಣ್ಣಿನ ಮಟ್ಟಕ್ಕಿಂತ ಒಂದು ಇಡೀ ಸೂರ್ಯನಿಗಿಂತ ಹೆಚ್ಚು ಕೆಳಗಿರುತ್ತದೆ. ಕಡಲ ಮಟ್ಟದಲ್ಲಿ ಕಾಣುವುದಕ್ಕಿಂತ ಸೂರ್ಯ ಸುಮಾರು ಮೂರು ನಿಮಿಷ ತಡವಾಗಿ ಮುಳುಗುತ್ತಾನೆ.

ಬೆಟ್ಟ ಹತ್ತಲಾಗದಿದ್ದರೆ ಮಲ್ಪೆಯ ಮರಳಿನ ಮೇಲೂ ನೋಡಬಹುದು. ಮೋಡವಿಲ್ಲದ ಸಂಜೆ ಮಕಾಡೆ ಮಲಗಿ ಕಾಯಿರಿ. ಸೂರ್ಯನ ಕೊನೆಯ ಚೂರು ನೀರಿನಲ್ಲಿ ಮರೆಯಾದ ಕೂಡಲೇ ಎದ್ದು ನಿಂತರೆ ಆ ಕೆಂಪು ಚೂರು ಮತ್ತೆ ಕಾಣಿಸುತ್ತದೆ. ನಿಮ್ಮ ಕೈಯಲ್ಲಿರುವುದು ಐದು ಸೆಕೆಂಡ್ ಮಾತ್ರ, ಚುರುಕಾಗಿ ಏಳಬೇಕು.