ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಬದಲಾಯಿಸುತ್ತಾ ಕೂರಬೇಡಿ

ಹಾಸನದ ನನ್ನ ಕ್ಲಿನಿಕ್‌ಗೆ ಕೆಮ್ಮು ಅಂತ ಬರುವ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರಲ್ಲಿ ಬಹಳ ಜನರ ಕೈಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಅರ್ಧ ಕುಡಿದು ಬಿಟ್ಟ ಎರಡು ಮೂರು ಸಿರಪ್, ನಾಲ್ಕೇ ಮಾತ್ರೆ ನುಂಗಿದ ಆಂಟಿಬಯೋಟಿಕ್ ಸ್ಟ್ರಿಪ್. ಕೆಮ್ಮು ಶುರುವಾಗಿ ತಿಂಗಳಾಗಿದೆ. ಸಂಜೆ ಆದರೆ ಮೈ ಬೆಚ್ಚಗಾಗುತ್ತದೆ, ಮನೆಯಲ್ಲಿ ಅದನ್ನು ಒಳಜ್ವರ ಅಂತಾರೆ. ಯಾವ ಪರೀಕ್ಷೆ ಮಾಡಿಸಿದ್ರಿ ಅಂದರೆ ಒಂದೂ ಇಲ್ಲ. "ಇನ್ನೂ ಸ್ವಲ್ಪ ಪವರ್ ಇರೋದು ಬರ್ಕೊಡಿ ಡಾಕ್ಟ್ರೇ" ಅನ್ನುತ್ತಾರೆ.

ಹೀಗೆ ಎರಡು ವಾರ ದಾಟಿದ ಕೆಮ್ಮಿಗೆ ಬೇಕಾದ್ದು ಪವರ್ ಅಲ್ಲ, ಟಿಬಿ (ಕ್ಷಯ) ಇದೆಯಾ ಅಂತ ನೋಡುವ ಕಫ ಪರೀಕ್ಷೆ. ಎಲ್ಲ ಕೆಮ್ಮೂ ಟಿಬಿ ಅಲ್ಲ, ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ವೈರಲ್ ಜ್ವರ ಬಿಟ್ಟ ಮೇಲೂ ಒಣಕೆಮ್ಮು ಮೂರರಿಂದ ಎಂಟು ವಾರ ಎಳೆಯಬಹುದು. ಆದರೆ ಅಲ್ಲಿ ಜ್ವರ ಹೋಗಿರುತ್ತದೆ, ಕೆಮ್ಮೂ ವಾರದಿಂದ ವಾರಕ್ಕೆ ಇಳಿಯುತ್ತಾ ಬರುತ್ತದೆ. ರಾತ್ರಿ, ಬೆಳಗಿನ ಜಾವ ಕೆಮ್ಮು ಬಂದು ಎದೆ ಸುಯ್‌ಗುಟ್ಟಿದರೆ ಆಸ್ತಮಾ ಇರಬಹುದು, ಅದಕ್ಕೆ ಇನ್ಹೇಲರ್ ಬೇಕು. ಮೈಕೋಪ್ಲಾಸ್ಮಾ ಅನ್ನುವ ಸೋಂಕಿನಲ್ಲಿ ನ್ಯುಮೋನಿಯಾ ಇದ್ದರೂ ಹುಡುಗರು ಓಡಾಡಿಕೊಂಡೇ ಇರುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದಿಂದ ಜೋರು ಜ್ವರ ಅಂತ ಬಂದರೆ ನಾನು ಕಂಕುಳು, ತೊಡೆಸಂದು ಎಲ್ಲಾ ನೋಡುತ್ತೇನೆ. ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಕಲೆ ಕಂಡರೆ ಸ್ಕ್ರಬ್ ಟೈಫಸ್ ಅನುಮಾನ, ಅದು ಸಣ್ಣ ಹುಳ ಕಚ್ಚಿ ಬರುವ ಜ್ವರ. ಗದ್ದೆಯ ಕೆಸರಲ್ಲಿ ಕೆಲಸ ಮಾಡಿದವರಿಗೆ ಇಲಿಜ್ವರ, ಕೊಪ್ಪ, ಎನ್.ಆರ್. ಪುರ ಕಡೆಯ ಕಾಡಂಚಿನವರಿಗೆ ಬೇಸಿಗೆಯಲ್ಲಿ ಮಂಗನ ಕಾಯಿಲೆ, ಇವೂ ತಲೆಯಲ್ಲಿರಬೇಕು. ಆದರೆ ಈ ಕೊನೆಯ ಮೂರೂ ಸಾಮಾನ್ಯವಾಗಿ ಥಟ್ಟಂತ ಬರುವ ಜೋರು ಜ್ವರಗಳು, ತಿಂಗಳುಗಟ್ಟಲೆ ಸಣ್ಣಗೆ ಕಾಡುವಂಥವಲ್ಲ.

ನಾನು ದಿನಾ ಹೇಳಿ ಹೇಳಿ ಸಾಕಾಗಿರುವ ಮಾತು ಬೇರೆ. ಮೆಡಿಕಲ್ಸ್‌ಗೆ ಹೋಗಿ ಚೀಟಿ ಇಲ್ಲದೆ ಲೆವೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ತಗೊಳ್ಳುತ್ತಾರಲ್ಲ, ಅದು. ಈ ಮಾತ್ರೆ 2014ರಿಂದ ಸರ್ಕಾರದ ಎಚ್1 ಅನ್ನುವ ಔಷಧಿ ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಮಾಮೂಲಿ ಕಫಕ್ಕೆ ಅಂತ ಜನ ನುಂಗುವ ಇದು ಟಿಬಿ ರೋಗಾಣುವಿಗೂ ಸ್ವಲ್ಪ ಹೊಡೆತ ಕೊಡುತ್ತದೆ. ಹಾಗಾಗಿ ಟಿಬಿ ಇದ್ದವರಿಗೂ ಕೆಲವೊಮ್ಮೆ ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ, ಊಟ ಸೇರುತ್ತದೆ, ಸರಿಹೋಯ್ತು ಅಂತ ಮಾತ್ರೆ ಬಿಡುತ್ತಾರೆ. ಎರಡು ವಾರಕ್ಕೆ ಎಲ್ಲ ವಾಪಸ್. ಆ ಗುಣ ನಿಜವಾದ ಗುಣ ಅಲ್ಲ. ಅಷ್ಟೇ ಅಲ್ಲ, ಆ ಸಮಯದಲ್ಲಿ ಕಫ ಕೊಟ್ಟರೆ ರೋಗಾಣು ಕಡಿಮೆಯಾಗಿ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಇನ್ನೊಂದು ವಿಷಯ, ಮಾಮೂಲಿ ಔಷಧಿಗೆ ಬಗ್ಗದ ಟಿಬಿಗೆ ನಮ್ಮ ಕೈಲಿರುವ ಮುಖ್ಯ ಮಾತ್ರೆಗಳಲ್ಲಿ ಲೆವೊಫ್ಲಾಕ್ಸಾಸಿನ್ ಕೂಡ ಒಂದು. ಅದನ್ನು ಸುಮ್ನೆ ನೆಗಡಿಗೆಲ್ಲ ಖರ್ಚು ಮಾಡಿದರೆ ನಿಜವಾಗಿ ಬೇಕಾದಾಗ ಅದು ಕೆಲಸಕ್ಕೆ ಬಾರದೇ ಹೋಗಬಹುದು.

ಆಲೂರು ಕಡೆಯ ಒಬ್ಬ ಹುಡುಗ, ಬೆಂಗಳೂರಲ್ಲಿ ಕೆಲಸ, ಪಿಜಿಯ ಒಂದೇ ರೂಮಲ್ಲಿ ನಾಲ್ಕು ಜನ. ಹೀಗೆ ಮೂರು ಸಲ ಕೋರ್ಸ್ ನುಂಗಿದ್ದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದ, ಪ್ಯಾಂಟ್ ನಿಲ್ಲುತ್ತಿರಲಿಲ್ಲ. ಜಿಮ್ ಮಾಡಿ ಸಣ್ಣ ಆದೆ ಅಂದುಕೊಂಡಿದ್ದನಂತೆ. ಕಫ ಪರೀಕ್ಷೆ ಅಂದ ಕೂಡಲೇ ಅವನ ತಾಯಿ, "ನಮ್ಮ ಮನೆತನದಲ್ಲೇ ಆ ಕಾಯಿಲೆ ಇಲ್ಲ ಡಾಕ್ಟ್ರೇ, ಚೀಟೀಲಿ ಆ ಹೆಸರು ಬರೀಬೇಡಿ" ಅಂದರು. ಅಮ್ಮ, ಇದು ಮನೆತನ ನೋಡಿ ಬರಲ್ಲ, ಗಾಳಿಯಲ್ಲಿ ಬರುತ್ತೆ, ಪಕ್ಕದ ಮಂಚದವನು ಕೆಮ್ಮಿದರೂ ಸಾಕು ಅಂತ ಕೂರಿಸಿ ಹೇಳಿದೆ. ಮಗನ ಮದುವೆ ಮಾತು ನಡೀತಿತ್ತು, ಆ ಭಯ ಅವರಿಗೆ. ನನಗೂ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಟಿಬಿ ಬಂತು, ಆರು ತಿಂಗಳು ಮಾತ್ರೆ ತಗೊಂಡ, ಪೂರ್ತಿ ಗುಣವಾದ.

ಇನ್ನು ಕಫ ಕೊಡುವ ವಿಷಯ, ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಡಬ್ಬಿ ಕೈಗೆ ಕೊಟ್ಟರೆ ಬಹಳ ಜನ ಅದರಲ್ಲಿ ಎಂಜಲು ಉಗುಳಿ ತರುತ್ತಾರೆ, ನೊರೆನೊರೆ ನೀರು, ಅದರಲ್ಲಿ ಏನು ಹುಡುಕೋದು? ಬೆಳಗ್ಗೆ ಎದ್ದು, ತಿಂಡಿಗೆ ಮೊದಲು, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಮನೆಯೊಳಗೆ ಬೇಡ, ಹಿತ್ತಲಿಗೋ ಟೆರೇಸಿಗೋ ಹೋಗಿ, ಹತ್ತಿರ ಯಾರೂ ಇರಬಾರದು. ಎರಡು ಮೂರು ಸಲ ಉಸಿರನ್ನು ಪೂರ್ತಿ ಎಳೆದು, ಹಿಡಿದು, ಆಮೇಲೆ ಎದೆಯಾಳದಿಂದ ಕೆಮ್ಮಿ. ಗಟ್ಟಿಯಾಗಿ, ಹಳದಿಗೋ ಬಿಳಿಗೋ ಇರುವ ಕಫ ಅರ್ಧ ಚಮಚದಷ್ಟು ಬಂದರೂ ಸಾಕು. ಮುಚ್ಚಳ ಬಿಗಿ ಮಾಡಿ ಬೇಗ ಲ್ಯಾಬಿಗೆ ತಲುಪಿಸಿ. ಕಫವೇ ಬರಲ್ಲ ಅನ್ನುವವರಿಗೆ ಆಸ್ಪತ್ರೆಯಲ್ಲಿ ಉಪ್ಪುನೀರಿನ ಆವಿ ಕೊಟ್ಟು ಬರಿಸಬಹುದು. ಸಿಬಿನಾಟ್, ಟ್ರೂನಾಟ್ ಯಂತ್ರಗಳು ಒಂದೆರಡು ಗಂಟೆಯಲ್ಲಿ ರೋಗಾಣು ಇದೆಯಾ, ಟಿಬಿಯ ಮುಖ್ಯ ಮಾತ್ರೆಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಎರಡೂ ಹೇಳುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ.

ಎಕ್ಸ್‌ರೇ ತೆಗೆಸಬೇಡಿ ಅನ್ನುತ್ತಿಲ್ಲ, ಎರಡೂ ಬೇಕು. ಕಫದಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ, ಅದನ್ನು ವೈದ್ಯರು ನಿಮ್ಮನ್ನು ನೋಡಿಯೇ ತೀರ್ಮಾನಿಸಬೇಕು. ಕಫದಲ್ಲಿ ರಕ್ತ, ಉಸಿರಾಟಕ್ಕೆ ಕಷ್ಟ, ತೂಕ ಇಳಿಯೋದು, ಇದ್ಯಾವುದಾದರೂ ಇದ್ದರೆ ಎರಡು ವಾರವೂ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರೂ ಅಷ್ಟೇ. ಬರುವಾಗ ಆ ಪ್ಲಾಸ್ಟಿಕ್ ಕವರ್ ಜತೆಯಲ್ಲೇ ತನ್ನಿ, ಏನೇನು ನುಂಗಿದ್ದೀರಿ ಅಂತ ನನಗೆ ಗೊತ್ತಾಗಬೇಕು.

ಟಿಬಿ ಅಂತ ಬಂದರೆ ಔಷಧಿಯೂ ಉಚಿತ, ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ ಪೋಷಣ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಮನೆಯವರನ್ನೂ ತಪಾಸಣೆಗೆ ಕರೆಯುತ್ತಾರೆ, ಹೋಗಿ. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ರಕ್ತ ಅಂದುಕೊಂಡು ಗಾಬರಿಯಿಂದ ಮಾತ್ರೆ ಬಿಟ್ಟವರಿದ್ದಾರೆ. ಅದು ರಿಫಾಂಪಿಸಿನ್ ಬಣ್ಣ, ಅದಕ್ಕಾಗಿ ಮಾತ್ರೆ ಬಿಡಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅವತ್ತೇ ಬಂದು ತೋರಿಸಿ.