ಸಾಸಿವೆ ತಿಂದ ಹಸುವೂ ಪ್ಯಾರಿಸ್ಸಿನ ಒಂದು ರಾತ್ರಿಯೂ

ಒಬ್ಬ ಹೆಂಗಸು ರಾತ್ರಿ ಹೊತ್ತು ಪ್ಯಾರಿಸ್ಸಿನ ಬೀದಿಯಲ್ಲಿ ನಡೆಯುತ್ತಿದ್ದಾಳೆ. ಅಷ್ಟೇ. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಗುಂಡು ಹಾರುತ್ತಿಲ್ಲ. ಅಂಗಡಿಯ ಗಾಜಿನ ಮುಂದೆ ಬಂದಾಗ ಅವಳ ಮುಖ ಬೆಳಗುತ್ತದೆ. ಅಂಗಡಿ ದಾಟಿದರೆ ಕತ್ತಲು. ಇನ್ನೊಂದು ಅಂಗಡಿ ಬಂತು, ಮತ್ತೆ ಬೆಳಕು. ಹಿಂದೆ ಒಂದು ಟ್ರಂಪೆಟ್. ಇಷ್ಟು ನೋಡುವುದಕ್ಕಾಗಿಯೇ ನಾನು ಆ ಸಿನಿಮಾವನ್ನು ಐದಾರು ಸಲ ಹಾಕಿಕೊಂಡು ಕೂತಿದ್ದೇನೆ.

ಲೂಯಿ ಮಾಲ್ ನಿರ್ದೇಶಿಸಿದ ‘ಅಸಾನ್ಸರ್ ಪೂರ್ ಲೆಶಫೋ’ ಅದು. ಹೆಸರಿನ ಅರ್ಥ ಸುಮಾರಾಗಿ ‘ಗಲ್ಲಿನ ಕಟ್ಟೆಗೆ ಲಿಫ್ಟ್’. 1958ರ ಜನವರಿಯಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ಮಾಡುವಾಗ ಮಾಲ್‌ಗೆ ಇನ್ನೂ ಇಪ್ಪತ್ತನಾಲ್ಕು ವರ್ಷ. ಕಥೆ ಚಿಕ್ಕದು. ಫ್ಲೋರೆನ್ಸ್ ಮತ್ತು ಜೂಲಿಯೆನ್ ಪ್ರೇಮಿಗಳು. ಅವಳ ಗಂಡ ಶಸ್ತ್ರಾಸ್ತ್ರ ವ್ಯಾಪಾರಿ, ಜೂಲಿಯೆನ್ನನಿಗೆ ಅವನೇ ಧಣಿ. ಅವನನ್ನು ಜೂಲಿಯೆನ್ ಆಫೀಸಿನಲ್ಲೇ ಕೊಂದು, ಆತ್ಮಹತ್ಯೆಯಂತೆ ಕಾಣಿಸಿ, ಕೆಳಗಿಳಿದು ಬರುತ್ತಾನೆ. ತಲೆಯೆತ್ತಿ ನೋಡಿದರೆ ತಾನು ಹತ್ತಿದ ಹಗ್ಗ ಅಲ್ಲೇ ನೇತಾಡುತ್ತಿದೆ! ಅದನ್ನು ತರಲು ವಾಪಸ್ ಹೋದವನು ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾನೆ, ಕಾವಲುಗಾರ ಕರೆಂಟ್ ಆಫ್ ಮಾಡಿ ಹೊರಟುಹೋಗುತ್ತಾನೆ. ಅಷ್ಟರಲ್ಲಿ ಇವನ ಕಾರನ್ನು ಒಬ್ಬ ಹುಡುಗ, ಒಬ್ಬಳು ಹುಡುಗಿ ಸೇರಿ ಕದ್ದೊಯ್ಯುತ್ತಾರೆ. ಕಾರಿನಲ್ಲಿ ಇವನ ಪಿಸ್ತೂಲಿದೆ, ಪುಟ್ಟದೊಂದು ಕ್ಯಾಮೆರಾ ಇದೆ. ಫ್ಲೋರೆನ್ಸ್‌ಗೆ ಇದ್ಯಾವುದೂ ಗೊತ್ತಿಲ್ಲ. ರಾತ್ರಿಯಿಡೀ ಅವನನ್ನು ಹುಡುಕುತ್ತಾ ಅಲೆಯುತ್ತಾಳೆ.

ಈ ಸಿನಿಮಾ ಯಾಕಿಷ್ಟು ಹಿಡಿಸುತ್ತದೆ ಅಂದರೆ ಜನ ಮೊದಲು ಸಂಗೀತದ ಮಾತೆತ್ತುತ್ತಾರೆ. ನಿಜವೇ. ಮೈಲ್ಸ್ ಡೇವಿಸ್ 1957ರ ಡಿಸೆಂಬರ್ 4ರ ರಾತ್ರಿ ಸ್ಟುಡಿಯೋಗೆ ಹೋಗಿ, ದೃಶ್ಯಗಳನ್ನು ನೋಡುತ್ತಾ ಅಲ್ಲಲ್ಲೇ ಹುಟ್ಟಿಸಿಕೊಂಡು ನುಡಿಸಿದ, ಬೆಳಗಾಗುವಷ್ಟರಲ್ಲಿ ಮುಗಿಸಿದ. ಆಮೇಲೆ ಫ್ಲೋರೆನ್ಸ್ ಆಗಿರುವ ಝಾನ್ ಮೊರೋ ಅವರ ಮುಖ ಎನ್ನುತ್ತಾರೆ. ಅದೂ ನಿಜ. ಆದರೆ ಆ ಮುಖವನ್ನು ಕತ್ತಲಿಂದ ಎತ್ತಿ ನಮಗೆ ತೋರಿಸಿದ್ದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಳ್ಳಿಯ ಬಗ್ಗೆ. ಬೆಳ್ಳಿಗೆ ಅಂಟಿಕೊಂಡಿದ್ದ ಒಂದಿಷ್ಟು ಗಂಧಕದ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ಹಳೆಯ ಕಪ್ಪು ಬಿಳುಪು ಸಿನಿಮಾದಲ್ಲಿ ಮರಳಿನಂಥ ಚುಕ್ಕೆಗಳು ಕಾಣುತ್ತವೆ, ಅಲ್ವಾ? ಅದನ್ನು ಧೂಳು, ಕೊಳೆ, ಹಳೇ ಫಿಲ್ಮಿನ ರೋಗ ಅಂತ ತುಂಬಾ ಜನ ತಿಳಿದಿದ್ದಾರೆ. ಕೆಲವು ಕಡೆ ಕಂಪ್ಯೂಟರಿನಿಂದ ಅದನ್ನು ಉಜ್ಜಿ ತೆಗೆದು ‘ಸ್ವಚ್ಛ ಪ್ರತಿ’ ಅಂತ ಹಾಕುತ್ತಾರೆ, ಆಗ ನಟರೆಲ್ಲ ಮೇಣದ ಬೊಂಬೆಗಳ ಹಾಗೆ ಕಾಣುತ್ತಾರೆ. ಇನ್ನೊಂದು ಕಡೆ ಮೊಬೈಲ್ ಫೋಟೋದ ಮೇಲೆ ಅದೇ ಚುಕ್ಕೆಗಳನ್ನು ಸುಮ್ನೆ ಉದುರಿಸುವ ಆ್ಯಪ್‌ಗಳಿವೆ. ಚುಕ್ಕೆ ಚಿತ್ರದ ಮೇಲೆ ಕೂತಿರುವ ವಸ್ತು ಅನ್ನುವುದೇ ಎರಡೂ ಕಡೆಯ ನಂಬಿಕೆ. ಹಾಗಲ್ಲ. ಚುಕ್ಕೆಯೇ ಚಿತ್ರ. ಚುಕ್ಕೆಗಳನ್ನೆಲ್ಲ ತೆಗೆದರೆ ಉಳಿಯುವುದು ಖಾಲಿ ಪ್ಲಾಸ್ಟಿಕ್ ಪಟ್ಟಿ. ರಂಗೋಲಿಯಿಂದ ಪುಡಿ ತೆಗೆದರೆ ಏನು ಉಳಿಯುತ್ತದೆ ಹೇಳಿ!

ರಾತ್ರಿ ಬೀದಿಯಲ್ಲಿ ನಡೆಯುವವಳನ್ನು ಈ ಚುಕ್ಕೆಗಳಲ್ಲಿ ಹಿಡಿದದ್ದು ಎಂಥ ಸಾಧನೆ ಅಂತ ತಿಳಿಯಲು ಅದೇ ಪ್ಯಾರಿಸ್ಸಿನ ಇನ್ನೊಂದು ಬೀದಿಗೆ ಹೋಗಬೇಕು. 1838ರಲ್ಲಿ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ‘ಬುಲೆವಾರ್ ದು ತಾಂಪ್ಲ್’ ಎಂಬ ಬೀದಿಯ ಫೋಟೋ ತೆಗೆದ. ಬೆಳ್ಳಿ ಬಳಿದ ತಾಮ್ರದ ತಗಡಿನ ಮೇಲೆ ಮೂಡಿಸಿದ ಚಿತ್ರ. ಗಾಡಿ, ಕುದುರೆ, ಜನ ಗಿಜಿಗುಟ್ಟುತ್ತಿದ್ದ ಬೀದಿ ಅದು. ಫೋಟೋದಲ್ಲಿ ನೋಡಿದರೆ ಬಿಕೋ ಅನ್ನುತ್ತದೆ. ತಗಡಿಗೆ ಹಲವು ನಿಮಿಷ ಬೆಳಕು ಬೇಕಿತ್ತು, ಓಡಾಡುವವರು ಅಷ್ಟು ಹೊತ್ತು ಒಂದೇ ಕಡೆ ನಿಲ್ಲಲಿಲ್ಲ, ಹಾಗಾಗಿ ಅಳಿಸಿಹೋದರು. ಉಳಿದವನು ಒಬ್ಬ. ಮೂಲೆಯಲ್ಲಿ ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದವನು. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರಲ್ಲಿ ಅವನೂ ಒಬ್ಬ, ಕಾಲು ಅಲ್ಲಾಡಿಸದೆ ನಿಂತಿದ್ದಕ್ಕೆ.

ಅಂದರೆ ಹಾಡಹಗಲಲ್ಲೇ, ಪ್ಯಾರಿಸ್ಸಿನಲ್ಲಿ, ನಡೆಯುವವರು ಮಾಯವಾಗುತ್ತಿದ್ದರು. 120 ವರ್ಷ ಕಳೆಯುವುದರೊಳಗೆ ಅದೇ ಊರಿನ ಶಾಂಜೆಲಿಜೆ ಬೀದಿಯಲ್ಲಿ ರಾತ್ರಿ ಒಬ್ಬಳು ನಡೆಯುತ್ತಾಳೆ, ಅವಳ ಕಣ್ಣಿನ ಕೆಳಗಿನ ದಣಿವೂ ನಮಗೆ ಕಾಣುತ್ತದೆ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಶಟರ್ ಅರ್ಧ ಹೊತ್ತು ಮುಚ್ಚಿರುವುದರಿಂದ ಒಂದೊಂದು ಚಿತ್ರಕ್ಕೆ ಸಿಗುವ ಬೆಳಕು ಸೆಕೆಂಡಿನ 48ರಲ್ಲಿ ಒಂದು ಭಾಗದಷ್ಟು ಹೊತ್ತಿನದು. ಡಾಗೇರ್‌ಗೆ ಐದು ನಿಮಿಷ ಬೇಕಾಯಿತು ಅಂತ ಇಟ್ಟುಕೊಂಡರೂ, ಇವಳಿಗೆ ಅದರ 14,400ನೇ ಒಂದು ಪಾಲು ಸಮಯ. ಅದೂ ಸೂರ್ಯನಿಲ್ಲದೆ!

ಛಾಯಾಗ್ರಾಹಕ ಹೆನ್ರಿ ದೆಕೇ ದೀಪಗಳನ್ನೇ ಹಾಕಲಿಲ್ಲ. ಅಂಗಡಿಗಳ ಗಾಜಿನಿಂದ ಹೊರಗೆ ಬೀಳುತ್ತಿದ್ದ ಬೆಳಕೇ ಸಾಕು ಅಂದರು. ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಮೊರೋ ಜೊತೆಜೊತೆಗೇ ಸಾಗಿದರು. ಮೊರೋ ಮುಖಕ್ಕೆ ಎಂದಿನ ದಪ್ಪ ಮೇಕಪ್ ಇರಲಿಲ್ಲ. ಲ್ಯಾಬಿನ ತಂತ್ರಜ್ಞರು ರೀಲು ನೋಡಿ ಗಾಬರಿಯಾಗಿ, ಈ ಹುಡುಗರು ಮೊರೋ ಅವರನ್ನು ಹಾಳು ಮಾಡುತ್ತಿದ್ದಾರೆ ಅಂತ ನಿರ್ಮಾಪಕರಿಗೆ ದೂರು ಕೊಟ್ಟರು ಎಂದು ಮಾಲ್ ಮುಂದೆ ನೆನಪಿಸಿಕೊಂಡಿದ್ದಾರೆ. ದೆಕೇ ಕೈಯಲ್ಲಿದ್ದದ್ದು ಕೊಡಕ್‌ನ ಟ್ರೈ-ಎಕ್ಸ್, ಆ ಕಾಲಕ್ಕೆ ಹೊಸದಾಗಿ ಬಂದಿದ್ದ, ಕಡಿಮೆ ಬೆಳಕಿಗೂ ಓಗೊಡುವ ಫಿಲ್ಮ್.

ಹೇಗೆ ಓಗೊಡುತ್ತದೆ? ಇಲ್ಲಿಗೆ ಬರಲೆಂದೇ ನಾನು ಇಷ್ಟೆಲ್ಲ ಬರೆದದ್ದು.

ಫಿಲ್ಮಿನ ಮೇಲೆ ಜೆಲಾಟಿನ್ ಲೇಪ ಇರುತ್ತದೆ. ಅದರೊಳಗೆ ಬೆಳ್ಳಿ ಬ್ರೋಮೈಡಿನ ಹರಳುಗಳು. ಟ್ರೈ-ಎಕ್ಸ್‌ನಂಥ ಫಿಲ್ಮಿನಲ್ಲಿ ಒಂದು ಹರಳು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಹರಳಿಗೆ ಬಡಿದರೆ ಒಂದು ಎಲೆಕ್ಟ್ರಾನ್ ಬಿಡಿಸಿಕೊಳ್ಳುತ್ತದೆ. ಅದು ಒಂದು ಬೆಳ್ಳಿ ಅಯಾನಿಗೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಬೆಳ್ಳಿಯ ಕಣಕ್ಕೆ, ಸೇರಿ ಬೆಳ್ಳಿಯ ಒಂದು ಪರಮಾಣು ಆಗುತ್ತದೆ. ಒಂದೇ ಪರಮಾಣು ನಿಲ್ಲುವುದಿಲ್ಲ, ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತದೆ. ಒಂದೇ ಜಾಗದಲ್ಲಿ ಮೂರು ನಾಲ್ಕು ಸೇರಿದರೆ ಮಾತ್ರ ಗಟ್ಟಿ. 1938ರಲ್ಲಿ ಗರ್ನಿ ಮತ್ತು ಮಾಟ್ ಎಂಬ ಇಬ್ಬರು ವಿಜ್ಞಾನಿಗಳು ಈ ಆಟದ ಮೂಲ ನಿಯಮ ಹೇಳಿದರು.

ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಒಬ್ಬರೇ ಬಂದು ಕೂತರೆ ಬಡಿಸುವವರು ಬರುವುದಿಲ್ಲ. ಕೂತವರು ಆ ಕಡೆ ಈ ಕಡೆ ನೋಡಿ ಎದ್ದು ಹೋಗುತ್ತಾರೆ. ನಾಲ್ಕು ಜನ ಒಟ್ಟಿಗೆ ಕೂತರೋ, ಉಪ್ಪು ಉಪ್ಪಿನಕಾಯಿ ಬಂದೇ ಬಿಡುತ್ತದೆ, ಆಮೇಲೆ ಇಡೀ ಸಾಲಿಗೆ ಊಟ. ಹರಳಿನಲ್ಲೂ ಹಾಗೇ. ನಾಲ್ಕು ಪರಮಾಣು ಕೂತ ಹರಳನ್ನು ಡೆವಲಪರ್ ದ್ರಾವಣ ಇಡಿಯಾಗಿ ಬೆಳ್ಳಿಯ ಕಪ್ಪು ಚುಕ್ಕೆ ಮಾಡಿಬಿಡುತ್ತದೆ. ನೂರಾರು ಕೋಟಿ ಅಯಾನುಗಳಿರುವ ಹರಳು, ನಾಲ್ಕೇ ನಾಲ್ಕರ ಮಾತು ಕೇಳಿ! ಒಂದು ಚಮಚ ಹೆಪ್ಪಿಗೆ ಒಂದು ಕೊಳಗ ಹಾಲು ಮೊಸರಾದ ಹಾಗೆ. ನಾಲ್ಕು ಸೇರದ ಹರಳು ಹಾಗೇ ಉಳಿಯುತ್ತದೆ, ಹೈಪೋ ದ್ರಾವಣದಲ್ಲಿ ತೊಳೆದುಹೋಗುತ್ತದೆ. ಅರ್ಧ ಬೆಳ್ಳಿ, ಕಾಲು ಬೆಳ್ಳಿ ಅನ್ನುವುದಿಲ್ಲ. ಆದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಕಡಿಮೆ ಬೆಳಕಿಗೆ ಏನು ಮಾಡಬೇಕು? ಹರಳನ್ನು ದೊಡ್ಡದು ಮಾಡಬೇಕು. ತುಂತುರು ಮಳೆಯಲ್ಲಿ ಅಂಗಳದಲ್ಲಿ ಒಂದು ಲೋಟ, ಒಂದು ಪರಾತ ಇಡಿ. ನಾಲ್ಕು ಹನಿ ಮೊದಲು ಯಾವುದಕ್ಕೆ ಬೀಳುತ್ತದೆ? ಪರಾತಕ್ಕೆ. ಪ್ಯಾರಿಸ್ಸಿನ ಆ ಬೀದಿಯಲ್ಲಿ ಬೆಳಕು ತುಂತುರು. ಹಾಗಾಗಿ ದೊಡ್ಡ ಹರಳಿನ ಫಿಲ್ಮೇ ಬೇಕು, ದೊಡ್ಡ ಹರಳು ಅಂದರೆ ದೊಡ್ಡ ಚುಕ್ಕೆ. ತೆರೆಯ ಮೇಲೆ ಕಾಣುವ ಒರಟು ಮರಳು ಆ ರಾತ್ರಿಯಲ್ಲಿ ಅವಳನ್ನು ಹಿಡಿದದ್ದಕ್ಕೆ ಕೊಟ್ಟ ಬೆಲೆ. ಒಂದು ಚಿತ್ರದಲ್ಲಿ ಚುಕ್ಕೆ ಇದ್ದ ಜಾಗದಲ್ಲೇ ಮುಂದಿನ ಚಿತ್ರದಲ್ಲಿ ಇರುವುದಿಲ್ಲ, ಸೆಕೆಂಡಿಗೆ 24 ಸಲ ಬದಲಾಗುತ್ತದೆ. ಅದಕ್ಕೇ ಅವಳು ಸುಮ್ಮನೆ ನಿಂತಾಗಲೂ ಹಿಂದಿನ ಕತ್ತಲು ಸಣ್ಣಗೆ ಕುದಿಯುತ್ತಿರುವಂತೆ ಕಾಣುತ್ತದೆ. ಆ ಕುದಿತ ಅವಳ ಮನಸ್ಸಿನದು ಅಂತ ನಮಗೆ ಅನಿಸುತ್ತದೆ.

ದೊಡ್ಡ ಹರಳೊಂದೇ ಸಾಲದು. ಸಾಸಿವೆ ಬರುವುದು ಇಲ್ಲಿ.

ಜೆಲಾಟಿನ್ ಅಂದರೆ ದನದ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಅದನ್ನು ಫೋಟೋಗೆ ಬಳಸಿದರು. ಅಂಟು ಸುಮ್ನೆ ಹರಳುಗಳನ್ನು ಹಿಡಿದಿಡುತ್ತದೆ ಅಂತಲೇ ಎಲ್ಲರೂ ನಂಬಿದ್ದರು. ಆದರೆ ಒಂದು ಕಡೆಯ ಜೆಲಾಟಿನ್ ಹಾಕಿದರೆ ಚುರುಕು ಫಿಲ್ಮ್, ಇನ್ನೊಂದು ಕಡೆಯದು ಹಾಕಿದರೆ ಮಂಕು. 1882ರಲ್ಲಿ ಜಾರ್ಜ್ ಈಸ್ಟ್‌ಮನ್ ಕಾರ್ಖಾನೆಯ ಪ್ಲೇಟುಗಳು ಇದ್ದಕ್ಕಿದ್ದಂತೆ ಕೆಡತೊಡಗಿದಾಗ, ಹುಡುಕಿ ಹುಡುಕಿ ಕೊನೆಗೆ ಸಿಕ್ಕ ಕಾರಣವೂ ಜೆಲಾಟಿನ್ನೇ. ಅದರಲ್ಲಿ ಏನಿದೆ ಅಂತ ಹೊರಗೆಳೆದದ್ದು 1920ರ ದಶಕದಲ್ಲಿ, ಕೊಡಕ್ ಪ್ರಯೋಗಾಲಯದ ಸ್ಯಾಮ್ಯುಯೆಲ್ ಶೆಪರ್ಡ್. ಉತ್ತರ ಗಂಧಕ. ಸಾಸಿವೆ ಜಾತಿಯ ಗಿಡ ತಿಂದ ದನದ ಮೈಯಿಂದ ಬಂದ, ತೀರಾ ಅಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳು.

ಈ ವಸ್ತುವಿನ ಪರಿಚಯ ನಿಮಗೆ ಚೆನ್ನಾಗಿಯೇ ಇದೆ. ಮಾವಿನಹಣ್ಣಿನ ಸಾಸಿವೆ ಮಾಡುವಾಗ ಹಸಿ ಸಾಸಿವೆಯನ್ನು ತೆಂಗಿನಕಾಯಿ ಜೊತೆ ನೀರು ಹಾಕಿ ಅರೆಯುತ್ತೇವಲ್ಲ, ಆಗ ಮೂಗಿನ ಬುಡಕ್ಕೆ ಏರಿ ಕಣ್ಣಲ್ಲಿ ನೀರು ತರಿಸುವ ಘಾಟೇ ಅದರ ನಂಟ. ಒಗ್ಗರಣೆಯಲ್ಲಿ ಸಿಡಿಸಿದರೆ ಆ ಘಾಟು ಇರುವುದಿಲ್ಲ, ಏಕೆಂದರೆ ಅದನ್ನು ಹುಟ್ಟಿಸುವ ಕಿಣ್ವ ಬಿಸಿ ಎಣ್ಣೆಗೆ ಸತ್ತುಹೋಗುತ್ತದೆ. ಅರೆದಾಗ ಮಾತ್ರ ಬರುತ್ತದೆ. ಆ ಬಗೆಯ ಗಂಧಕ ಹರಳಿನ ಮೇಲೆ ಬೆಳ್ಳಿ ಸಲ್ಫೈಡಿನ ಸಣ್ಣ ಸಣ್ಣ ಕಲೆಗಳನ್ನು ಮಾಡುತ್ತದೆ. ಅಲೆಯುವ ಎಲೆಕ್ಟ್ರಾನುಗಳು ಅಲ್ಲಿ ಬಂದು ಸಿಕ್ಕಿಕೊಳ್ಳುತ್ತವೆ. ಅಂಗಳದಲ್ಲಿ ಒಂದು ತಗ್ಗಿದ್ದರೆ ಮಳೆನೀರೆಲ್ಲ ಅಲ್ಲಿಗೇ ಸೇರುವಂತೆ. ಪಂಕ್ತಿಯ ಮಾತಿನಲ್ಲಿ ಹೇಳುವುದಾದರೆ, ಬಂದವರು ಚದುರಿ ಕೂರದಂತೆ ಒಂದೇ ಕಡೆ ಎಲೆ ಹಾಕಿಟ್ಟ ಹಾಗೆ. ಹಸುಗಳಿಗೆ ಸಾಸಿವೆ ಇಷ್ಟವಾಗದಿದ್ದರೆ ನಮಗೆ ಸಿನಿಮಾ ನೋಡುವ ಭಾಗ್ಯವೇ ಇರುತ್ತಿರಲಿಲ್ಲ ಅಂತ ಕೊಡಕ್ ಸಂಶೋಧನಾಲಯದ ಮುಖ್ಯಸ್ಥ ಕೆನೆತ್ ಮೀಸ್ ಹೇಳುತ್ತಿದ್ದರಂತೆ. ಆಮೇಲೆ 1936ರಲ್ಲಿ ಜರ್ಮನಿಯ ಆಗ್ಫಾದವರು ಚೂರು ಚಿನ್ನದ ಲವಣವನ್ನೂ ಸೇರಿಸಿ ಚುರುಕು ಇನ್ನಷ್ಟು ಹೆಚ್ಚಿಸಿದರು.

ನಮ್ಮ ಕಣ್ಣೂ ಹೀಗೇ ಲೆಕ್ಕ ಹಾಕುತ್ತದೆ ಅನ್ನುವುದು ನನಗೆ ಇನ್ನೂ ಖುಷಿ ಕೊಡುವ ಸಂಗತಿ. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ಕತ್ತಲೆ ಕೋಣೆಯಲ್ಲಿ ಕೂತು ಅಳೆದರು. ‘ಬೆಳಕು ಕಂಡಿತು’ ಅನ್ನಲು ಕಣ್ಣಿನ ಕೋಶಗಳಿಗೆ 5ರಿಂದ 14 ಫೋಟಾನ್ ಸಾಕು. ಒಂದಕ್ಕೆ ನಂಬುವುದಿಲ್ಲ, ಒಂದಿಷ್ಟು ಸೇರಬೇಕು. ಆ ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣವೂ ಗೊತ್ತಾಗುವುದಿಲ್ಲ. ಅಮಾವಾಸ್ಯೆ ರಾತ್ರಿ ಹಿತ್ತಲಿಗೆ ಹೋದರೆ ದಾಸವಾಳವೂ ಬೂದು, ಎಲೆಯೂ ಬೂದು. ಹಾಗಾಗಿ ಕಪ್ಪು ಬಿಳುಪಿನ ರಾತ್ರಿ ನಮಗೆ ಬಣ್ಣದ ರಾತ್ರಿಗಿಂತ ಜಾಸ್ತಿ ನಿಜ ಅನಿಸಿದರೆ ಆಶ್ಚರ್ಯವಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಸ್ಟುಡಿಯೋ ಅಣ್ಣ ಒಮ್ಮೆ ಡಾರ್ಕ್ ರೂಮಿನೊಳಗೆ ಕರೆದುಕೊಂಡು ಹೋಗಿದ್ದರು. ಕೆಂಪು ಬಲ್ಬು, ಹುಳಿ ವಾಸನೆ, ಮೂರು ಟ್ರೇ. ಬಿಳಿ ಹಾಳೆಯೊಂದನ್ನು ಮೊದಲ ಟ್ರೇಗೆ ಹಾಕಿ ಅಂಚು ಹಿಡಿದು ಮೆಲ್ಲಗೆ ತೂಗಿದರು. ಏನೂ ಇಲ್ಲ. ಏನೂ ಇಲ್ಲ. ‘ಹುಬ್ಬು ಬಂತು ನೋಡೋ’ ಅಂದರು. ನಿಜವಾಗಿಯೂ ನೀರಿನಡಿ ಎರಡು ಹುಬ್ಬು, ಆಮೇಲೆ ಕೂದಲು, ಆಮೇಲೆ ಕಣ್ಣು. ಚಿತ್ರ ಆಗಲೇ ಹಾಳೆಯಲ್ಲಿತ್ತು, ನಾಲ್ಕು ನಾಲ್ಕು ಪರಮಾಣುಗಳಾಗಿ ಅಡಗಿ ಕೂತಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಈ ಸಿನಿಮಾದ ಕೊನೆ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಕಾರು ಕದ್ದ ಜೋಡಿ ಒಂದು ಮೋಟೆಲ್‌ನಲ್ಲಿ ಇಳಿಯುತ್ತದೆ. ಅಲ್ಲಿ ಸಿಕ್ಕ ಜರ್ಮನ್ ದಂಪತಿಯ ಜೊತೆ ಜೂಲಿಯೆನ್ನನ ಕ್ಯಾಮೆರಾದಲ್ಲಿ ಫೋಟೋ ತೆಗೆಸಿಕೊಳ್ಳುತ್ತದೆ. ರಾತ್ರಿ ಅದೇ ದಂಪತಿಯನ್ನು ಹುಡುಗ ಗುಂಡಿಟ್ಟು ಕೊಲ್ಲುತ್ತಾನೆ. ರೀಲು ಅಲ್ಲಿನ ಲ್ಯಾಬಿನಲ್ಲಿ ಉಳಿದಿದೆ. ಬೆಳಗ್ಗೆ ಅದನ್ನು ತರಲು ಹುಡುಗ ಓಡುತ್ತಾನೆ, ಅವನ ಹಿಂದೆ ಫ್ಲೋರೆನ್ಸ್. ಪೊಲೀಸರು ಮೊದಲೇ ಬಂದು ಕಾಯುತ್ತಿದ್ದಾರೆ. ಟ್ರೇಯಲ್ಲಿ ಫೋಟೋಗಳು ಒಂದೊಂದಾಗಿ ಮೂಡುತ್ತಿವೆ. ಹುಡುಗ ಕೊಂದವರ ಜೊತೆ ನಗುತ್ತಾ ನಿಂತಿದ್ದಾನೆ. ಅದೇ ರೀಲಿನಲ್ಲಿ ಇನ್ನೂ ಕೆಲವು ಚಿತ್ರಗಳಿವೆ. ಫ್ಲೋರೆನ್ಸ್ ಮತ್ತು ಜೂಲಿಯೆನ್, ಒಬ್ಬರನ್ನೊಬ್ಬರು ತಬ್ಬಿಕೊಂಡು.

ಇಡೀ ಸಿನಿಮಾದಲ್ಲಿ ಅವರಿಬ್ಬರು ಒಟ್ಟಿಗೆ ಕಾಣುವುದು ಅಲ್ಲೊಂದೇ ಕಡೆ. ಶುರುವಿನಲ್ಲಿ ಫೋನಿನ ಎರಡು ತುದಿಯಲ್ಲಿದ್ದರು, ಆಮೇಲೆ ಒಬ್ಬ ಲಿಫ್ಟಿನಲ್ಲಿ, ಒಬ್ಬಳು ಬೀದಿಯಲ್ಲಿ. ಈಗ ದ್ರಾವಣದ ಅಡಿಯಲ್ಲಿ, ಒಂದೇ ಹಾಳೆಯ ಬೆಳ್ಳಿಯಲ್ಲಿ. ಅವಳು ಬಗ್ಗಿ ನೋಡುತ್ತಿದ್ದಾಳೆ, ಚಿತ್ರ ಇನ್ನೂ ಕಪ್ಪಾಗುತ್ತಲೇ ಇದೆ.